ಸದ್ದಿನ ಖಾನೆ

ಯಂತ್ರವನ್ನು ಮೊದಲು ಇಟ್ಟದ್ದು ಕೇರಿಯ ಪಕ್ಕದಲ್ಲಲ್ಲ. ಕಮಲಾಪುರದ ಊರೊಳಗೆ, ಸೂಗಪ್ಪ ಸಾಹುಕಾರನ ಮಾಳಿಗೆಯ ಮೇಲೆ ಇಟ್ಟಿದ್ದರು. ಅದು ಆರು ಸೆಕೆಂಡಿಗೊಮ್ಮೆ ಕೀಂಯ್ ಎಂದು ಕೂಗುತ್ತದೆ. ಹಗಲೂ ಕೂಗುತ್ತದೆ, ರಾತ್ರಿಯೂ ಕೂಗುತ್ತದೆ. ಎರಡೇ ದಿನಕ್ಕೆ ಓಣಿಯ ಮಂದಿ ಸೂಗಪ್ಪನ ಬಾಗಿಲಿಗೆ ಬಂದರು. ಮಕ್ಕಳಿಗೆ ನಿದ್ದೆ ಇಲ್ಲ, ಮುದುಕರಿಗೆ ಎದೆ ಹೊಡೆದುಕೊಳ್ಳುತ್ತದೆ, ಎಮ್ಮೆ ಹಾಲಿಗೆ ಸೊರೆ ಬಿಡುವುದಿಲ್ಲ ಎಂದರು. ಮೂರನೆಯ ದಿನ ಅದನ್ನು ಟ್ರ್ಯಾಕ್ಟರಿಗೆ ಹೇರಿ ತಂದು, ಕೇರಿಯ ಬೆನ್ನಿಗೆ ಹತ್ತಿದ ಸೂಗಪ್ಪನ ಹೊಲದಲ್ಲಿ ಇಳಿಸಿದರು. ಕೇರಿಯಲ್ಲೂ ಮಕ್ಕಳಿದ್ದವು, ಮುದುಕರಿದ್ದರು, ಎರಡು ಎಮ್ಮೆಗಳೂ ಇದ್ದವು. ಅವರನ್ನು ಯಾರೂ ಕೇಳಲಿಲ್ಲ.

ಕಲಬುರಗಿಯ ಆಸ್ಪತ್ರೆಗಳಿಂದ ದಿನವೂ ಬೀಳುವ ಕಸವನ್ನು ತಂದು ಸುಡುವ ಭಟ್ಟಿಯೊಂದನ್ನು ಕಟ್ಟಲು ಒಂದು ಕಂಪನಿ ಹೊರಟಿತ್ತು. ರಕ್ತದ ಬಟ್ಟೆ, ಸೂಜಿ, ಕೊಯ್ದು ತೆಗೆದ ಮಾಂಸ, ಎಲ್ಲ ಅದರಲ್ಲಿ ಬೇಯಬೇಕು. ಸೂಗಪ್ಪ ನಾಲ್ಕು ಎಕರೆ ಕೊಡಲು ಒಪ್ಪಿದ್ದ. ಊರಿಗೆ ದೂರದ, ಕೇರಿಗೆ ಹತ್ತಿರದ ನಾಲ್ಕು ಎಕರೆ. ಹಗಲು ಸುಟ್ಟರೆ ಹೆದ್ದಾರಿಯಲ್ಲಿ ಓಡಾಡುವವರಿಗೆ ವಾಸನೆ ಬಡಿಯುತ್ತದೆಂದು, ಬೆಳಗಿನ ನಾಲ್ಕರಿಂದ ಎಂಟರವರೆಗೆ ಸುಡುವುದು ಎಂದು ಕಾಗದದಲ್ಲಿ ಬರೆದಿದ್ದರು. ಆ ಹೊತ್ತಿನಲ್ಲಿ ಹೊಗೆ ಮೇಲೆದ್ದು ಚದುರುತ್ತದೋ ಕೆಳಗಿಳಿದು ಮನೆ ಹೊಗುತ್ತದೋ ಎಂಬುದನ್ನು ಅಳೆದು ತೋರಿಸಿದರೆ ಮಾತ್ರ ಸರಕಾರದ ಅಪ್ಪಣೆ. ಅಳೆಯಲಿಕ್ಕೆ ಈ ಯಂತ್ರ.

ಯಂತ್ರ ಕಾಯಲು ಊರಿನಿಂದ ಯಾರೂ ಬರಲಿಲ್ಲ. ಬೆಳಗಿನ ನಾಲ್ಕಕ್ಕೆ, ಅದೂ ಕೇರಿಯ ಬಾಜೂಕೆ, ಯಾರು ಬಂದು ಕೂಡುತ್ತಾರೆ? ಹಾಗಾಗಿ ಮಾಪಣ್ಣನ ಮಗಳು ಅಂಜನಾಳಿಗೆ ಕರೆ ಬಂತು. ಕಲಬುರಗಿಯಲ್ಲಿ ಬಿ.ಎಸ್ಸಿ. ಎರಡನೆಯ ವರ್ಷಕ್ಕೆ ಬಿಟ್ಟು ಬಂದಿದ್ದ ಹುಡುಗಿ. ಬಿಟ್ಟು ಬಂದಳೆಂದರೆ ತಾನಾಗಿ ಬಿಟ್ಟಳೆಂದಲ್ಲ. ಹಾಸ್ಟೆಲಿನಿಂದ ಹೊರಗೆ ಹಾಕಿದ್ದರು. ಆ ಕಥೆ ಬೇರೆ.

ಯಂತ್ರ ಕೂಡಿಸಲು ಬಂದವನು ಜೀಶಾನ್, ಕಲಬುರಗಿಯ ಗಾಜಿಪುರದವನು, ಕಂಪನಿಯ ಮೆಕ್ಯಾನಿಕ್. ಮನುಷ್ಯ ಒಳ್ಳೆಯವನು. ನೆಲದ ಮೇಲೆ ಇವಳ ಸಮಕ್ಕೆ ಕೂತು ಹೇಳಿಕೊಟ್ಟ.

“ನೋಡ್ರಿ ಅಂಜನಾ, ಇದು ಮ್ಯಾಲ ಮಾರಿ ಮಾಡಿ ಒದರತದ. ಆವಾಜ್ ಮ್ಯಾಲ ಹೋಗಿ, ಬಿಸಿ ಗಾಳಿ ಥಂಡಿ ಗಾಳಿ ಕೂಡೋ ಜಾಗಾಕ್ಕ ಬಡದು ಜರಾ ವಾಪಸ್ ಬರ್ತದ. ರೇಲ್ವೆ ಗೇಟಿನ್ಯಾಗ ನಿಂತೀರಿಲ್ಲ? ರೈಲು ಬರೋವಾಗ ಸೀಟಿ ಸಣ್ಣಗ ಕೇಳ್ತದ, ದಾಟಿ ಹೋಗೋವಾಗ ದಪ್ಪಗ ಕೇಳ್ತದ. ಇದೂ ಹಂಗೇ. ಗಾಳಿ ಕೆಳಗ ಇಳಿಯಾಕತ್ತಿದ್ರ ವಾಪಸ್ ಬರೋ ಆವಾಜ್ ಸಣ್ಣ. ಮ್ಯಾಲ ಏಳಾಕತ್ತಿದ್ರ ದಪ್ಪ. ಮ್ಯಾಲ ಹೋದ್ರ ಕಂಪ್ಯೂಟರಿನ್ಯಾಗ ಕೆಂಪು ಬರ್ತದ, ಇಳದ್ರ ನೀಲಿ. ಇಷ್ಟೇ.”

“ಸುಳ್ಳ ಹೇಳ್ತದೇನ್ರಿ ಇದು?” ಎಂದು ಅಂಜನಾ ಕೇಳಿದಳು.

“ಮಶೀನ್ ಝೂಟ್ ನೈ ಬೋಲ್ತಿ. ಆದ್ರ ಒಂದು ಶರ್ತ ಅದ. ವಾಪಸ್ ಬರೋ ಆವಾಜ್ ಭಾಳ ಬಾರೀಕ್ ಇರ್ತದ. ಸುತ್ತ ಸದ್ದಿತ್ತಂದ್ರ ಅದಕ್ಕ ಕೇಳಂಗಿಲ್ಲ. ಮುಂಜಾನಿ ನಾಕರಿಂದ ಎಂಟರತನಾ ಪೂರಾ ಸುಮ್ಮ ಇರಬೇಕು. ಇಪ್ಪತ್ತೊಂದು ದಿನ.”

ಅಂಜನಾ ನಂಬಿದಳು. ಓದಿದವರ ದಡ್ಡತನ ಓದದವರ ದಡ್ಡತನಕ್ಕಿಂತ ದೊಡ್ಡದು. ಕೇರಿ ಇದ್ದದ್ದು ತಗ್ಗಿನಲ್ಲಿ. ಥಂಡಿ ದಿನಗಳಲ್ಲಿ ಒಲೆಯ ಹೊಗೆ ಮೇಲೇಳದೆ ಮನೆಗಳ ನಡುವೆಯೇ ಮಲಗುತ್ತದೆಂಬುದು ಅಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಆದರೆ ಕೇರಿಯ ಮಂದಿ ಹೇಳಿದರೆ ಅದು ತಕರಾರು. ಯಂತ್ರ ಹೇಳಿದರೆ ಅದು ಸಾಕ್ಷಿ. ಯಂತ್ರಕ್ಕೆ ಜಾತಿ ಇಲ್ಲ, ಅದಕ್ಕೆ ಸುಮ್ಮನೆ ಕೇಳಿಸಿಕೊಳ್ಳಲು ಬಿಟ್ಟರೆ ಸಾಕು, ನಮ್ಮ ಮಾತು ಅದೇ ಹೇಳುತ್ತದೆ ಎಂದುಕೊಂಡಳು. ಹಾಗೆ ಅಂದುಕೊಂಡೇ ಮನೆಮನೆಗೆ ಹೋದಳು.

ಅದು ತೊಗರಿ ಕೊಯ್ಲಿನ ಹಂಗಾಮು. ಕೇರಿಯ ಹೆಂಗಸರು ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿಯುತ್ತಾರೆ. ನಲವತ್ತು ಮನೆಯಲ್ಲಿ ಒಂದೇ ಹೊತ್ತಿಗೆ ಜೋಳದ ರೊಟ್ಟಿ ಬಡಿದರೆ ಆ ಸದ್ದು ಊರಿನ ತನಕ ಕೇಳುತ್ತದೆ. ಹಿಂದಿನ ದಿನ ಸಂಜೆಗೇ ಬಡಿದಿಡಿರಿ ಎಂದು ಅಂಜನಾ ಕೈ ಮುಗಿದಳು. ಹೊಲದಲ್ಲಿ ದಿನವಿಡೀ ಬಗ್ಗಿ ಬಂದ ಹೆಂಗಸರು ಸಂಜೆ ಮತ್ತೆ ಒಲೆಯ ಮುಂದೆ ಕೂತು ಮರುದಿನದ ರೊಟ್ಟಿ ಬಡಿದರು. ಇಪ್ಪತ್ತೊಂದು ದಿನ ತಂಗಳ ತಿಂದರು. ಬೋರಿನ ಹಿಡಿಕೆ ಕಿರುಗುಟ್ಟುತ್ತದೆಂದು ಅದಕ್ಕೆ ಗೋಣಿತಟ್ಟು ಸುತ್ತಿ ಕಟ್ಟಿದರು, ನೀರು ಸಂಜೆಗೇ ತುಂಬಿದರು. ಹುಂಜಗಳನ್ನು ಬೀಗರ ಊರುಗಳಿಗೆ ಕಳಿಸಿದರು. ನಾಯಿಗಳನ್ನು ಹಳ್ಳದ ಆಚೆ ಕಟ್ಟಿ ಹಾಕಿದರು. ಅಳುವ ಕೂಸುಗಳನ್ನು ಎತ್ತಿಕೊಂಡು ತಾಯಂದಿರು ನಾಲ್ಕಕ್ಕೇ ಕೇರಿ ಬಿಟ್ಟು, ಥಂಡಿಯಲ್ಲಿ ಅರ್ಧ ಮೈಲು ನಡೆದು, ಎಂಟರ ತನಕ ಕಾಲುವೆಯ ದಂಡೆಯ ಮೇಲೆ ಕೂತರು.

“ನಮ್ಮ ಮಾತು ಯಾವಾಗ ಯಾರು ಕೇಳ್ಯಾರ? ನಮ್ಮ ಸುಮ್ಮಿರೋದಾದ್ರೂ ಕೇಳಲಿ ತಗೋ” ಎಂದಳು ಅಂಜನಾಳ ಅಜ್ಜಿ ದ್ಯಾವಮ್ಮ.

ಅಂಜನಾಳ ಕೆಲಸವೇನು ಸುಖದ್ದಲ್ಲ. ಯಂತ್ರ ನಡೆಯುವುದು ಲಾರಿಯ ಬ್ಯಾಟರಿಗಳ ಮೇಲೆ. ದಿನಕ್ಕೆ ಎರಡು ಬ್ಯಾಟರಿಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು ಸೂಗಪ್ಪನ ಪಂಪಿನ ಮನೆಗೆ ಒಯ್ಯಬೇಕು. ಒಳಗೆ ಕಾಲಿಡುವಂತಿಲ್ಲ. ಹೊಸ್ತಿಲ ಹೊರಗೆ ಇಳಿಸಿ ನಿಲ್ಲಬೇಕು, ಆಳು ಬಂದು ಒಳಗೆ ತೆಗೆದುಕೊಂಡು ಚಾರ್ಜಿಗೆ ಹಾಕುತ್ತಾನೆ. ಸಿಂಬಿ ದಾಟಿ ಬ್ಯಾಟರಿಯ ನೀರು ಸುರಿದು ಅವಳ ಎಡ ಭುಜದ ಚರ್ಮ ಸುಟ್ಟು ಕಪ್ಪಾಯಿತು. ಬೆಳಗಿನ ನಾಲ್ಕಕ್ಕೆ ಯಂತ್ರದ ಸದ್ದು ಹೊರಡುವ ಬಟ್ಟಲಿನೊಳಗೆ ಕೈ ಹಾಕಿ ಇಬ್ಬನಿ ಒರೆಸುವಾಗ ಬೆರಳು ಸೆಟೆಯುತ್ತಿದ್ದವು. ಆಮೇಲೆ ರಜಿಸ್ಟರ್ ತುಂಬಬೇಕು. ತಾರೀಖು, ಹೊತ್ತು, ಬ್ಯಾಟರಿ, ಮೋಡ. ಕೊನೆಯ ಖಾನೆಯಲ್ಲಿ ‘ಸದ್ದು ಇತ್ತೇ?’ ಎಂದಿತ್ತು. ಅಲ್ಲಿ ಅವಳು ದಿನವೂ ದುಂಡಗಿನ ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದಳು. ಕಂಪ್ಯೂಟರಿನ ಪರದೆಯ ಫೋಟೋ ತನ್ನ ಮೊಬೈಲಿನಲ್ಲಿ ತೆಗೆದುಕೊಂಡಳು. ಮಧ್ಯಾಹ್ನದ ಚಿತ್ರ ಕೆಂಪಗೆ ಉರಿಯುತ್ತಿತ್ತು. ಬೆಳಗಿನದು ಬರೀ ನೀಲಿ. ನೂರು ಮೀಟರಿನ ಮೇಲೆ ಅಡ್ಡಕ್ಕೆ ಒಂದು ಗೆರೆ, ಗಡಿಗೆಗೆ ಮುಚ್ಚಳ ಹಾಕಿದಂತೆ. ಅದರ ಕೆಳಗಿನ ಗಾಳಿ ಮೇಲೇಳುತ್ತಿರಲಿಲ್ಲ. ಮೆಲ್ಲಗೆ ತಗ್ಗಿಗೆ ಇಳಿಯುತ್ತಿತ್ತು. ಜೀಶಾನ್ ಅದನ್ನು ನೋಡಿ, “ಇಷ್ಟು ಸಾಫ್ ಡಾಟಾ ನಾ ಎಲ್ಲೂ ನೋಡಿಲ್ಲ” ಎಂದಿದ್ದ. ಅಂಜನಾ ಹಿಗ್ಗಿ ಹೀರೇಕಾಯಿಯಾದಳು.

ಹದಿನಾಲ್ಕನೆಯ ದಿನ ಬೆಳಗಿನ ಐದಕ್ಕೆ ದ್ಯಾವಮ್ಮ ಸತ್ತಳು.

ದ್ಯಾವಮ್ಮ ಎಂಥವಳೆಂದು ಹೇಳಬೇಕು. ಆ ಸೀಮೆಯಲ್ಲಿ ಸತ್ತವರ ಮುಂದೆ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಸತ್ತವರ ಗುಣ, ಅವರು ಪಟ್ಟ ಕಷ್ಟ, ತಿಂದ ಪೆಟ್ಟು, ಎಲ್ಲವನ್ನೂ ಹಾಡಿನಲ್ಲಿ ಎತ್ತಿ ಎತ್ತಿ ಅಳುತ್ತಾರೆ. ದ್ಯಾವಮ್ಮ ಎತ್ತಿದರೆ ಕಲ್ಲೂ ಕರಗಬೇಕು. ಸೂಗಪ್ಪನ ತಾಯಿ ಸತ್ತಾಗ ಅಂಗಳದ ಹೊರಗೆ ನಿಲ್ಲಿಸಿ ಅಳಿಸಿದ್ದರು. ಒಳಗೆ ಬಿಟ್ಟುಕೊಳ್ಳಲಿಲ್ಲ, ಅಳು ಮಾತ್ರ ಬೇಕಾಗಿತ್ತು. ಉಸಿರು ನಿಂತ ಹೊತ್ತಿಗೆ, ಕಣ್ಣು ಮುಚ್ಚಿಸಿದವಳು ಮೊದಲ ಸೊಲ್ಲು ಎತ್ತಬೇಕು. ಅದು ಪದ್ಧತಿ. ಯಾರೂ ಎತ್ತದ ಸಾವು ಅನಾಥ ಹೆಣದ ಸಾವು. ‘ನಿನ್ನ ಹೆಣಕ್ಕ ಅಳೋರು ಗತಿ ಇಲ್ಲದಂಗಾಗ್ಲಿ’ ಎನ್ನುವುದಕ್ಕಿಂತ ಕೆಟ್ಟ ಬೈಗುಳ ಆ ಕೇರಿಯಲ್ಲಿಲ್ಲ.

ದ್ಯಾವಮ್ಮನ ಕಣ್ಣು ಮುಚ್ಚಿಸಿದವಳು ಸೊಸೆ ಭೀಮಬಾಯಿ, ಅಂಜನಾಳ ತಾಯಿ. ಮುಚ್ಚಿಸಿ ಬಾಯಿ ತೆರೆದಳು. ತೆರೆದವಳು ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಅಂಜನಾ ನಿಂತಿದ್ದಳು. ಯಂತ್ರದ ಬಳಿಯಿಂದ ಓಡಿ ಬಂದಿದ್ದಳು, ಕೈಯಲ್ಲಿ ಇಬ್ಬನಿ ಒರೆಸುವ ಬಟ್ಟೆ ಇತ್ತು. ಅಪ್ಪ ಮಾಪಣ್ಣ ತಾಯಿಯ ಕಾಲ ಬಳಿ ಕೂತಿದ್ದ. ನೆರೆಹೊರೆಯ ಏಳೆಂಟು ಹೆಂಗಸರು ಕತ್ತಲಲ್ಲೇ ಬಂದು ಸೇರಿದ್ದರು. ಎಲ್ಲರೂ ಅವಳ ಮುಖವನ್ನೇ ನೋಡಿದರು. ಹೊಲದಲ್ಲಿ ಯಂತ್ರ ಕೀಂಯ್ ಎಂದಿತು, ಸುಮ್ಮನಾಯಿತು, ಮತ್ತೆ ಕೀಂಯ್ ಎಂದಿತು.

“ಎಂಟರತನಾ ಯವ್ವಾ. ಮೂರು ತಾಸು” ಎಂದಳು ಅಂಜನಾ.

ಭೀಮಬಾಯಿ ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಉಳಿದ ಹೆಂಗಸರೂ ತುರುಕಿಕೊಂಡರು. ಮಾಪಣ್ಣ ತಾಯಿಯ ಪಾದ ಹಿಡಿದು ಗೋಡೆಗೆ ಹಣೆ ಒತ್ತಿದ. ಮೂರು ತಾಸು ಹಾಗೇ ಕೂತರು. ಮೈ ಅಲುಗುತ್ತಿತ್ತು, ಸದ್ದು ಬರಲಿಲ್ಲ. ಅಂಜನಾ ಯಂತ್ರದ ಹತ್ತಿರ ಹೋಗಿ ರಜಿಸ್ಟರಿನ ಕೊನೆಯ ಖಾನೆಯಲ್ಲಿ ‘ಇಲ್ಲ’ ಎಂದು ಬರೆದಳು. ಇಪ್ಪತ್ತೊಂದು ದಿನಗಳಲ್ಲಿ ಅತಿ ಸ್ವಚ್ಛವಾಗಿ ಬಂದ ಚಿತ್ರ ಆ ದಿನದ್ದು.

ಎಂಟಾಯಿತು, ಇನ್ನು ಅಳಿರಿ ಎಂದರೆ ಅಳು ಬರುತ್ತದೆಯೇ? ಕೂಲಿಗೆ ಕರೆದಂತೆ ಅದನ್ನು ಕರೆಯಲು ಬರುವುದಿಲ್ಲ. ಭೀಮಬಾಯಿ ಸೆರಗು ತೆಗೆದಳು. ಗಂಟಲಿನಿಂದ ಗಾಳಿ ಬಂತು, ಹಾಡು ಬರಲಿಲ್ಲ. ಅವಳು ಎತ್ತದೆ ಬೇರೆಯವರು ಎತ್ತುವಂತಿಲ್ಲ. ಊರಿಗೆಲ್ಲ ಹಾಡಿ ಅತ್ತ ಹೆಂಗಸನ್ನು ಹಾಗೇ ಒಯ್ದು ಮಣ್ಣು ಮಾಡಿದರು. ದಿನಕರ್ಮದ ಊಟಕ್ಕೆ ಹುಮನಾಬಾದಿನಿಂದ ಬಂದ ಮಾಪಣ್ಣನ ಅಕ್ಕ ತಾಟಿಗೆ ಕೈ ಹಚ್ಚಲಿಲ್ಲ. “ನಾಯಿ ಹುಗಿದಂಗ ಹುಗದೀಯಲ್ಲೋ ನಮ್ಮವ್ವನ್ನ” ಎಂದು ಎದ್ದು ಹೋದಳು. ಅವತ್ತಿನಿಂದ ಮಾಪಣ್ಣ ಮಗಳ ಜೊತೆ ಮಾತು ಬಿಟ್ಟ. ಸೂಗಪ್ಪನ ಬಾಳೆಯ ತೋಟದಲ್ಲಿ ಕೆಂಪು ಬಾಳೆಯ ಗೊನೆ ಹೊತ್ತು ಲಾರಿ ತುಂಬಿಸುವುದು, ಬರುವುದು, ಮಲಗುವುದು, ಇಷ್ಟೇ ಮಾಡಿದ.

ಇಪ್ಪತ್ತೊಂದು ದಿನ ಮುಗಿದ ಮೇಲೆ ಯಂತ್ರ ಟ್ರ್ಯಾಕ್ಟರ್ ಹತ್ತಿ ಹೋಯಿತು. ಒಂದು ತಿಂಗಳಿಗೆ ಅಂಜನಾಳಿಗೆ ಫೋನು ಬಂತು. ಕಲಬುರಗಿಯ ಸೇಡಂ ರಸ್ತೆಯ ಕಂಪನಿ ಆಫೀಸಿಗೆ ಬಂದು ಒಂದು ಸೈ ಮಾಡಿ ಹೋಗಬೇಕಂತೆ.

ಆಫೀಸು ಔಷಧದ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ಒಳಗೆ ಕಂಪನಿಯ ಎಂಜಿನಿಯರ್ ವಿವೇಕಾನಂದ ಕೂತಿದ್ದ. ಮೂಲೆಯ ಕಂಪ್ಯೂಟರಿನ ಮುಂದೆ ಜೀಶಾನ್ ಇದ್ದ. ಅಂಜನಾಳನ್ನು ನೋಡಿದವನು ತಿರುಗಿ ಪರದೆಯನ್ನು ನೋಡತೊಡಗಿದ. ಎದುರಿಗೆ ಎರಡು ಕುರ್ಚಿ ಖಾಲಿ ಇದ್ದವು. ಕೂಡ್ರಿ ಎಂದು ಯಾರೂ ಅನ್ನಲಿಲ್ಲ. ಅವಳು ನಿಂತಳು.

“ನಿಮ್ಮ ಹಳೇ ರಜಿಸ್ಟರಿಗೆ ನೀರು ಬಿದ್ದು ಕೆಟ್ಟದ” ಎಂದ ವಿವೇಕಾನಂದ. “ಸಾಫ್ ಮಾಡಿ ಬರಸೀವಿ. ಪ್ರತಿ ಸಾಲಿಗೆ ಒಂದು ಸೈ ಮಾಡ್ರಿ. ಐದು ನಿಮಿಷದ ಕೆಲಸ.”

ಅಂಜನಾ ಹೊಸ ರಜಿಸ್ಟರ್ ತೆರೆದಳು. ಇಪ್ಪತ್ತೊಂದು ಸಾಲು. ಕೊನೆಯ ಖಾನೆಯಲ್ಲಿ ಮೇಲಿನಿಂದ ಕೆಳಗಿನ ತನಕ ‘ಇತ್ತು’, ‘ಇತ್ತು’, ‘ಇತ್ತು’. ಪಕ್ಕದಲ್ಲಿ ಕಾರಣ ಬರೆದಿದ್ದರು. ಕೇರಿಯ ಗದ್ದಲ. ನಾಯಿ, ಕೋಳಿ. ಜಗಳ. ರೊಟ್ಟಿ ಬಡಿಯುವುದು. ಹದಿನಾಲ್ಕನೆಯ ಸಾಲಿನಲ್ಲಿ ‘ಸಾವಿನ ಅಳು’ ಎಂದಿತ್ತು.

ಆ ಎರಡು ಶಬ್ದಗಳ ಮೇಲೆ ಅವಳ ಕಣ್ಣು ನಿಂತಿತು.

“ಇದು ಸುಳ್ಳದ ಸರ್.”

“ಯಾವುದು?”

“ಎಲ್ಲಾ. ನಾ ಇಲ್ಲ ಅಂತ ಬರದೀನಿ. ಇಪ್ಪತ್ತೊಂದು ದಿನಾನೂ ಇಲ್ಲ ಅಂತ ಬರದೀನಿ. ಮುಂಜಾನಿ ಅಳದದ್ದು ಎಲ್ಲಿ ಹೋಯ್ತ್ರಿ?”

“ತಗದೀವಿ. ಸದ್ದಿನ್ಯಾಗ ಅಳದದ್ದು ಹಿಡಿಯಾಕ ಬರಂಗಿಲ್ಲ, ನಿಯಮ ಅದ. ಮಧ್ಯಾಹ್ನದ್ದು ಛಲೋ ಬಂದದಲ್ಲ, ಅದೇ ಹಾಕೀವಿ. ಗಾಳಿ ಮ್ಯಾಲ ಹೋಗ್ತದ ಅಂತ ರಿಪೋರ್ಟ್ ಆಗೇದ.”

“ಸುಡೋದು ಮುಂಜಾನಿ ಅಲ್ರಿ?”

ವಿವೇಕಾನಂದ ನಕ್ಕ. ಸಣ್ಣ ಮಕ್ಕಳಿಗೆ ತಿಳಿಹೇಳುವ ನಗು.

“ನೋಡ್ರಿ ಅಂಜನಾ. ನಿಮ್ಮ ಕೇರ್ಯಾಗ ನಾಕು ತಾಸು ಸದ್ದಿರಲಿಲ್ಲ ಅಂತ ಬರದ್ರ ಓದಾವ್ರು ನಗ್ತಾರ. ನಿಮ್ಮ ಮಂದಿ ಸುಮ್ಮ ಕುಂತದ್ದು ಯಾರು ನೋಡ್ಯಾರ? ನಾ ಏನು ಹೊರಗಿನಾವ ಅಲ್ಲ, ಇದೇ ಜಿಲ್ಲಾದಾವ ಇದ್ದೀನಿ. ನಿಮ್ಮಜ್ಜಿ ಸತ್ತಾಳಿಲ್ಲ ಆ ದಿನ? ಸತ್ರ ನಿಮ್ಮ ಹೆಣ್ಮಕ್ಕಳು ಹಾಡ್ಯಾಡಿ ಅಳ್ತಾರಿಲ್ಲ? ಅದು ನಿಮ್ಮ ಪದ್ಧತಿ. ಅದರಾಗ ನಾಚಿಕಿ ಏನದ?”

“ಅತ್ತಿಲ್ರಿ.”

“ಅಳದೇ ಇರ್ತಾರೇನು?”

“ನೀವು ಹೇಳೀರಿಲ್ಲ ಸದ್ದ ಮಾಡಬ್ಯಾಡ್ರಿ ಅಂತ!” ಅಂಜನಾಳ ದನಿ ಏರಿತು. “ಹೆಣ ಮುಂದಿಟ್ಕೊಂಡು ಬಾಯಾಗ ಸೆರಗು ತುರುಕ್ಕೊಂಡು ಕುಂತಿದ್ದೇವಿ. ಮೂರು ತಾಸು. ನಿಮ್ಮ ಮಶೀನ್ ಸಲುವಾಗಿ. ಅಳಬ್ಯಾಡ್ರಿ ಅಂದವ್ರೂ ನೀವೇ, ಈಗ ಅತ್ತೀರಿ ಅಂತ ಬರಿಯಾವ್ರೂ ನೀವೇ. ನಾ ಸೈ ಮಾಡಂಗಿಲ್ಲ.”

“ಭಟ್ಟಿ ಚಾಲೂ ಆದ ಮ್ಯಾಲ ನಿಮಗ ಕುರ್ಚಿ ಮ್ಯಾಲ ಕುಂಡ್ರೋ ಕೆಲಸ ಇಟ್ಟೀವಿ.”

“ಇವತ್ತ ಕುಂಡ್ರು ಅಂದಿಲ್ಲ ನೀವು. ಮಾಡಂಗಿಲ್ಲ ಅಂದ್ರ ಮಾಡಂಗಿಲ್ಲ.”

ಅವಳು ರಜಿಸ್ಟರನ್ನು ಮೇಜಿನ ಮೇಲೆ ಬಡಿದಿಟ್ಟಳು. ವಿವೇಕಾನಂದನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವುದು ಸೋಲುವ ಭಯವಿದ್ದವರಿಗೆ. ಅವನು ಡ್ರಾ ಎಳೆದು ಒಂದು ಕಾಗದ ತೆಗೆದ.

“ಬಿಡ್ರಿ. ನಿಮ್ಮ ಸೈ ಇಲ್ಲದಿದ್ರ ನಿಮ್ಮಪ್ಪಂದು ಅದ. ನಿನ್ನೆ ಕೇರಿಗೆ ಹೋಗಿ ತಂದೀವಿ.”

ಕಾಗದದ ಕೆಳಗೆ ನೀಲಿ ಹೆಬ್ಬೆಟ್ಟಿನ ಗುರುತಿತ್ತು. ಹೆಬ್ಬೆಟ್ಟಿನ ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ. ತೊಗರಿ ಕೊಯ್ಯುವಾಗ ಕುಡುಗೋಲು ಹಾಯ್ದ ಗಾಯದ ಗೆರೆ. ಓದಬೇಕಾಗಿಯೇ ಇರಲಿಲ್ಲ, ಅದು ಅಪ್ಪನದೇ. ಆದರೂ ಓದಿದಳು. ಕೇರಿಯ ಹಿರಿಯನಾದ ನಾನು ಬರೆಸಿಕೊಡುವುದೇನೆಂದರೆ, ನನ್ನ ತಾಯಿ ತೀರಿಕೊಂಡ ದಿನ ಬೆಳಗಿನ ಐದರಿಂದ ಎಂಟರವರೆಗೆ ಇಡೀ ಕೇರಿ ದೊಡ್ಡ ದನಿಯಲ್ಲಿ ಅತ್ತಿದ್ದು ನಿಜ. ಉಳಿದ ದಿನಗಳಲ್ಲೂ ಎಂದಿನಂತೆ ಸದ್ದುಗದ್ದಲ ಇದ್ದದ್ದು ನಿಜ.

ಅವಳು ಮೆಟ್ಟಿಲಿಳಿಯುವಾಗ ಹಿಂದಿನಿಂದ ಜೀಶಾನ್ ಬಂದ. ಮೇಲೆ ಕೆಳಗೆ ನೋಡಿದ.

“ಶುಕ್ರವಾರ ಕಮಲಾಪುರದಾಗ ಅಹವಾಲು ಸಭಾ ಅದ. ಡಿ.ಸಿ. ಆಫೀಸಿನ ಮೇಡಂ ಬರ್ತಾರ. ನಿಮ್ಮ ಮೊಬೈಲಿನ್ಯಾಗ ಫೋಟೋ ಅವಲ್ಲ, ಡಿಲೀಟ್ ಮಾಡಬ್ಯಾಡ್ರಿ.”

“ನೀವು ಬಂದು ಹೇಳ್ತೀರೇನ್ರಿ, ಡಾಟಾ ಸಾಫ್ ಇತ್ತಂತ?”

ಜೀಶಾನ್ ಗೋಡೆ ನೋಡಿದ. “ಮನ್ಯಾಗ ಅಮ್ಮಿಗೆ ಡಯಾಲಿಸಿಸ್ ನಡದದ ಅಂಜನಾ. ಮಾಫ್ ಮಾಡ್ರಿ” ಎಂದು ಹತ್ತಿ ಹೋದ. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರೆಲ್ಲ ಮೆಟ್ಟಿಲ ಮೇಲೆಯೇ ಸಿಗುತ್ತಾರೆ.

ಕಮಲಾಪುರಕ್ಕೆ ಬಂದು ಬಸ್ಸಿಳಿದವಳು ನೆಟ್ಟಗೆ ಮನೆಗೆ ಬಂದಳು. ಮಾಪಣ್ಣ ಆಗಷ್ಟೇ ತೋಟದಿಂದ ಬಂದು ಬಾಗಿಲಲ್ಲಿ ಕೂತಿದ್ದ. ಹೆಗಲ ಮೇಲೆ ಬಾಳೆಯ ಕಲೆ ಕಪ್ಪಗೆ ಹತ್ತಿತ್ತು.

“ಯಾಕ ಒತ್ತಿದಿ ಹೆಬ್ಬೆಟ್ಟು?” ಎಂದು ಕೇಳಿದಳು ಅಂಜನಾ. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

ಸುಮಾರು ಒಂದು ತಿಂಗಳ ಮೇಲೆ ಮೊದಲ ಸಲ ಮಾಪಣ್ಣ ಮಗಳಿಗೆ ಮಾತಾಡಿದ.

“ಸೂಗಪ್ಪ ಬಂದಿದ್ದ, ಆ ಎಂಜಿನಿಯರ್ನ ಕರಕೊಂಡು. ನಾಕು ಮಂದಿ ಮುಂದ ನಿಂತು ಕೇಳಿದ. ‘ಏನೋ ಮಾಪ್ಯಾ, ನಿಮ್ಮವ್ವಗ ಯಾರೂ ಅತ್ತಿಲ್ಲಂತಲ್ಲೋ? ಖರೆ ಏನು?’ ಅಂದ. ಏನ್ ಹೇಳಲಿ ನಾ? ಹೌದ್ರಿ, ಅತ್ತಿಲ್ರಿ ಅನ್ಲಿ? ಯಾವ ಸೂಳೇಮಗ ಅಂದಾನ ಅಂದೆ. ಅತ್ತೇವಿ, ಊರೇ ಕೇಳಂಗ ಅತ್ತೇವಿ ಅಂದೆ. ಹಂಗಾರ ಬರದು ಕೊಡು, ಸರಕಾರಿ ಕಾಗದದಾಗ ಇರ್ತದ, ಮತ್ತ ಯಾರೂ ಅನ್ನಂಗಿಲ್ಲ ಅಂದ. ಒತ್ತಿದೆ.”

“ಅದರಾಗ ಏನು ಬರದಾರ ಗೊತ್ತದೇನು?”

“ನಮ್ಮವ್ವಗ ಅತ್ತಾರ ಅಂತ ಬರದದ. ಅಷ್ಟ ಸಾಕು ನನಗ.”

“ನಮ್ಮ ಸದ್ದಿನ ಸಲುವಾಗಿ ಮುಂಜಾನಿ ಅಳದದ್ದೆಲ್ಲಾ ಕೆಟ್ಟಿತು ಅಂತ ತಗದು ಒಗದಾರ ಯಪ್ಪಾ. ಇನ್ನ ಭಟ್ಟಿ ಬರ್ತದ. ಆ ಹೊಗಿ ಇಲ್ಲೇ ಇಳೀತದ. ನಿನ್ನ ಹೆಬ್ಬೆಟ್ಟಿನ ಮ್ಯಾಲೆ ಇ‌ಳೀತದ.”

“ನಿಂದು ಯಂತ್ರ. ನಂದು ತಾಯಿ!” ಮಾಪಣ್ಣ ಎದ್ದು ನಿಂತು ಕೂಗಿದ. “ನಿನ್ನ ಮಾತು ಕೇಳಿ ಹೆಣದ ಮುಂದ ಬಾಯಿ ಮುಚ್ಚಿದೆ. ನಮ್ಮಕ್ಕ ನನ್ನ ಮನ್ಯಾಗಿನ ಅನ್ನ ಬಿಟ್ಟು ಹೋದಳು. ನಾ ಸತ್ರ ನನಗ ಯಾವ ಮಾರಿಲೆ ಅಳ್ರಿ ಅಂತ ಕೇಳಲಿ? ಸುಳ್ಳಾದ್ರೂ ಅತ್ತಾರ ಅಂತ ಇರಲಿ ಬಿಡು.”

ಅಪ್ಪನ ಕಡೆ ಬೆರಳು ಮಾಡುವ ಅಧಿಕಾರ ತನಗೆಲ್ಲಿಂದ ಬಂತು? ಮೂರು ತಾಸು ಎಂದವಳು ತಾನೇ. ಅವಳು ಮೊಬೈಲು ತೆಗೆದು ಹದಿನಾಲ್ಕನೆಯ ದಿನದ ಚಿತ್ರ ಅಪ್ಪನ ಮುಂದೆ ಹಿಡಿದಳು.

“ಇಲ್ಲಿ ನೋಡು. ಇದು ಐದು ಗಂಟೆ. ಆಯಿ ಜೀವ ಹೋದ ಹೊತ್ತು. ಇದು ಆರು. ಇದು ಏಳು. ಈ ನೀಲಿ ಅಂದ್ರ ಗಾಳಿ ಕೆಳಗ ಬರಾಕತ್ತದ ಅಂತ. ಒಂದು ಚುಕ್ಕಿ ಸದ್ದಿಲ್ಲ ಇದರಾಗ. ಯವ್ವ ಒಂದು ಸಲ ಬಾಯಿ ಬಿಟ್ಟಿದ್ರ ಇಲ್ಲೆಲ್ಲಾ ಕಲಸಿ ಹೋಗಿರ್ತಿತ್ತು. ಬಿಡಲಿಲ್ಲ ನೀವು. ನೀವು ಅಳದೇ ಇದ್ದದ್ದು ಇದು. ಇದನ್ನ ಅವರು ಅತ್ತದ್ದು ಅಂತ ಮಾಡ್ಯಾರ.”

ಮಾಪಣ್ಣ ಚಿತ್ರ ನೋಡಿದ. ಬೆರಳು ಹಚ್ಚಲು ಹೋಗಿ ಹಿಂದಕ್ಕೆ ತೆಗೆದ. ಬಾಳೆಯ ಅಂಟು ಹತ್ತಿದ ಕೈ. ಎಷ್ಟೋ ಹೊತ್ತು ನೋಡಿದ. ಒಳಗೆ ಹೋಗಿ ಮಲಗಿದ. ಭೀಮಬಾಯಿ ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ.

ಶುಕ್ರವಾರ ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಸೂಗಪ್ಪ ಮತ್ತು ಊರಿನ ಹಿರಿಯರು. ಕೇರಿಯವರು ಶಾಮಿಯಾನದ ಹೊರಗೆ ಬಿಸಿಲಿನಲ್ಲಿ ನಿಂತರು. ಒಳಗೆ ಜಾಗವಿರಲಿಲ್ಲವೆಂದಲ್ಲ. ಹುಮನಾಬಾದಿನ ಅಕ್ಕನೂ ಬಂದಿದ್ದಳು. ಭಟ್ಟಿಯ ಸುದ್ದಿ ಕೇಳಿ, ತವರು ಕೇರಿಯೆಂದು ಬಂದು, ತಮ್ಮನಿಂದ ದೂರ ನಿಂತಿದ್ದಳು. ವೇದಿಕೆಯ ಮೇಲೆ ಅಧಿಕಾರಿ ಮೇಡಂ ಕೂತಿದ್ದರು. ವಿವೇಕಾನಂದ ಮಧ್ಯಾಹ್ನದ ಕೆಂಪು ಚಿತ್ರವನ್ನು ದೊಡ್ಡ ಪರದೆಯ ಮೇಲೆ ತೋರಿಸಿ, ಗಾಳಿ ಹೇಗೆ ಮೇಲೇರುತ್ತದೆಂದು ವಿವರಿಸಿದ. ಕುರ್ಚಿಗಳಲ್ಲಿದ್ದವರು ಹೌದೆಂದು ತಲೆಯಾಡಿಸಿದರು.

ಅಂಜನಾ ಕೈ ಎತ್ತಿದಳು. ಮೂರು ಸಲ ಎತ್ತಿದ ಮೇಲೆ ಮೈಕು ಬಂತು. ಬೆಳಗಿನ ಚಿತ್ರಗಳು ತನ್ನ ಹತ್ತಿರ ಇವೆ, ಇಪ್ಪತ್ತೊಂದು ದಿನವೂ ಸದ್ದು ಇರಲಿಲ್ಲ, ಯಂತ್ರ ಕಾಯ್ದವಳು ತಾನು ಎಂದು ಹೇಳಿದಳು. ಮೇಡಂ ರಿಪೋರ್ಟಿನ ಹಾಳೆ ತಿರುವಿದರು.

“ಇದರಲ್ಲಿ ನಿಮ್ಮ ಹೆಸರಿಲ್ಲವಲ್ಲಮ್ಮ. ‘ಸ್ಥಳೀಯ ಕೂಲಿ, ಒಬ್ಬರು’ ಅಂತ ಇದೆ.”

“ಆ ಕೂಲಿ ನಾನೇ ರೀ.”

“ಮೇಡಂ, ಈಕಿ ತಂದೀನೇ ಬರದು ಕೊಟ್ಟಾನ” ಎಂದು ವಿವೇಕಾನಂದ ಎದ್ದ. ಕಾಗದವನ್ನು ಮೈಕಿನಲ್ಲಿ ಓದಿದ. ಇಡೀ ಕೇರಿ ದೊಡ್ಡ ದನಿಯಲ್ಲಿ ಅತ್ತಿದ್ದು ನಿಜ ಎಂಬಲ್ಲಿ ನಿಲ್ಲಿಸಿ ಓದಿದ. ಮೇಡಂ ಕನ್ನಡಕ ತೆಗೆದು ಅಂಜನಾಳನ್ನು ನೋಡಿದರು. ಇನ್ನೇನು ಹೇಳುತ್ತೀ ಎಂಬ ನೋಟ. ಮೈಕು ಅವಳ ಕೈಯಿಂದ ಹೋಯಿತು.

ಆಗ ಬಿಸಿಲಿನಿಂದ ಮಾಪಣ್ಣ ಶಾಮಿಯಾನದೊಳಗೆ ಬಂದ. ಕುರ್ಚಿಗಳ ನಡುವೆ ಹಾದು ವೇದಿಕೆಯ ಮುಂದೆ ಬಂದು ನಿಂತ. ಮೈಕು ಕೇಳಲಿಲ್ಲ. ಗೊನೆ ಹೊರುವವರ ದನಿ, ಮೈಕು ಬೇಕಾಗಿಯೂ ಇರಲಿಲ್ಲ.

“ಆ ಹೆಬ್ಬೆಟ್ಟು ನಂದೇ ರೀ. ಬರದದ್ದು ಸುಳ್ಳದ.”

“ನೀವೇ ಬರೆಸಿಕೊಟ್ಟಿದ್ದೀರಲ್ಲ?” ಎಂದರು ಮೇಡಂ.

“ಬರಸೀನ್ರಿ. ನಾಚಿಕಿ ಬಂದು ಬರಸೀನಿ. ನಮ್ಮವ್ವ ಸತ್ತಾಗ ನಾವು ಅತ್ತಿಲ್ರಿ. ನಾ ಅತ್ತಿಲ್ಲ, ನನ್ನ ಹೆಂಡ್ತಿ ಅತ್ತಿಲ್ಲ, ಕೇರ್ಯಾಗ ಒಬ್ಬರೂ ಅತ್ತಿಲ್ಲ. ಈ ಊರಾಗ ಎಲ್ಲಾರ ಹೆಣಕ್ಕೂ ಅತ್ತಾಕಿ ನಮ್ಮವ್ವ. ಆಕೀಗ ಯಾರೂ ಅತ್ತಿಲ್ಲ. ಯಂತ್ರ ಕೆಡ್ತದ ಅಂತ ಸುಮ್ಮ ಕುಂತೇವಿ. ಆಮ್ಯಾಲೂ ಹಾಡು ಏಳಲಿಲ್ಲ. ಹಂಗೇ ಒಯ್ದು ಹುಗದೇವಿ.”

ಹೊರಗೆ ನಿಂತಿದ್ದ ಅಕ್ಕ ಮುಖದ ಮೇಲೆ ಸೆರಗು ಎಳೆದುಕೊಂಡಳು. ಅಂಜನಾ ಅಪ್ಪನ ಬೆನ್ನನ್ನು ನೋಡುತ್ತ ನಿಂತಳು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸೂಗಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಇಡೀ ಸಭೆಗೆ ಕೇಳುವಂತೆ ಅಂದ.

“ಹಡೆದ ತಾಯಿ ಸತ್ರ ಅಳಲಿಲ್ಲ? ಥೂ! ನೀ ಎಂಥಾ ಮಗಾನೋ ಮಾಪ್ಯಾ?”

ಮಾಪಣ್ಣ ಅವನ ಕಡೆ ತಿರುಗಲಿಲ್ಲ. ಮೇಡಂ ಮುಂದಿದ್ದ ಹಾಳೆಯ ಕಡೆ ಕೈ ಮಾಡಿದ.

“ಇಂಥಾ ಮಗ ರೀ. ಬರಕೋರಿ.”